ಕಾಲೇಜು ವಿದ್ಯಾರ್ಥಿಯ ಅವಲಂಬನೆ ಮತ್ತು ಆದಾಯ ತೆರಿಗೆ

ಕಾಲೇಜು ವಿದ್ಯಾರ್ಥಿಯ ಅವಲಂಬನೆ ಎಂಬುದು, ಉನ್ನತ ಶಿಕ್ಷಣ ಪಡೆಯುತ್ತಿರುವ ಮಗ ಅಥವಾ ಮಗಳ ಖರ್ಚನ್ನು ಭರಿಸುವ ಪಾಲಕರಿಗೆ ಆದಾಯ ತೆರಿಗೆಯಲ್ಲಿ ದೊರೆಯುವ ಪರಿಹಾರಗಳಿಗೆ ಸಂಬಂಧಿಸಿದ ವಿಷಯವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಾಲಕರು ಕಾಲೇಜಿನಲ್ಲಿ ಓದುವ ಮಕ್ಕಳನ್ನು ತಮ್ಮ ತೆರಿಗೆ ವಿವರಣೆಯಲ್ಲಿ 'ಅವಲಂಬಿತರು' ಎಂದು ತೋರಿಸುವ ಪದ್ಧತಿಯಿದೆ. ಭಾರತದ ಕಾನೂನಿನಲ್ಲಿ ಅಂತಹ ಒಂದೇ ಸೌಲಭ್ಯವಿಲ್ಲ. ಇಲ್ಲಿ ತೆರಿಗೆಯ ಘಟಕ ವ್ಯಕ್ತಿಯೇ ಹೊರತು ಕುಟುಂಬವಲ್ಲ. ವಿದ್ಯಾರ್ಥಿಯೊಬ್ಬರು ಮನೆಯಲ್ಲಿದ್ದಾರೆ ಎಂಬ ಕಾರಣಕ್ಕೆ ಪಾಲಕರ ತೆರಿಗೆ ಕಡಿಮೆಯಾಗುವುದಿಲ್ಲ. ಅದರ ಬದಲಾಗಿ ಬೋಧನಾ ಶುಲ್ಕ, ಶಿಕ್ಷಣ ಸಾಲದ ಬಡ್ಡಿ, ಮಕ್ಕಳ ಶಿಕ್ಷಣ ಭತ್ಯೆ, ವಿದ್ಯಾರ್ಥಿವೇತನ ಮುಂತಾದವುಗಳಿಗೆ ಬೇರೆ ಬೇರೆ ಕಲಮುಗಳಲ್ಲಿ ಕಡಿತ ಅಥವಾ ವಿನಾಯಿತಿಗಳಿವೆ.

ಈ ಲೇಖನವು ಆದಾಯ ತೆರಿಗೆ ಕಾಯ್ದೆ, 1961ರ ನಿಯಮಗಳನ್ನು 2025-26ರ ಹಣಕಾಸು ವರ್ಷಕ್ಕೆ ಅನ್ವಯಿಸುವಂತೆ ವಿವರಿಸುತ್ತದೆ. ಉದಾಹರಣೆಗಳನ್ನು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಕಬ್ಬು ಬೆಳೆಗಾರರು, ನೇಕಾರರು ಹಾಗೂ ನೌಕರ ಕುಟುಂಬಗಳ ಸ್ಥಿತಿಗತಿಗಳಿಂದ ಆಯ್ದುಕೊಳ್ಳಲಾಗಿದೆ.

ಹಿನ್ನೆಲೆ

ಭಾರತದಲ್ಲಿ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿ ತೆರಿಗೆ ವಿಧಿಸುವ ಪದ್ಧತಿ ಹಿಂದೆ ಇತ್ತು. 1955ರಲ್ಲಿ ಹಣಕಾಸು ಸಚಿವರಾಗಿದ್ದ ಸಿ. ಡಿ. ದೇಶಮುಖ್ ಅವರ ಆಯವ್ಯಯದಲ್ಲಿ ವಿವಾಹಿತರಿಗೆ 2,000 ರೂಪಾಯಿ ಹಾಗೂ ಅವಿವಾಹಿತರಿಗೆ 1,000 ರೂಪಾಯಿಗಳ ಪ್ರತ್ಯೇಕ ತೆರಿಗೆರಹಿತ ಮಿತಿಯನ್ನು ತರಲಾಯಿತು. ಅದೇ ದಶಕದ ಕೊನೆಯ ಭಾಗದಲ್ಲಿ ಮಕ್ಕಳಿಲ್ಲದ ವಿವಾಹಿತರಿಗೆ 3,000, ಒಂದು ಮಗುವಿದ್ದವರಿಗೆ 3,300, ಒಂದಕ್ಕಿಂತ ಹೆಚ್ಚು ಮಕ್ಕಳಿದ್ದವರಿಗೆ 3,600 ರೂಪಾಯಿಗಳವರೆಗಿನ ಆದಾಯಕ್ಕೆ ತೆರಿಗೆ ಇರಲಿಲ್ಲ. ಅಮೆರಿಕದ ಅವಲಂಬಿತ ವಿನಾಯಿತಿಗೆ ಭಾರತದಲ್ಲಿ ಅತ್ಯಂತ ಸಮೀಪದ ವ್ಯವಸ್ಥೆ ಇದಾಗಿತ್ತು. ಕಾಲಾನಂತರದಲ್ಲಿ ಇದನ್ನು ಕೈಬಿಡಲಾಯಿತು.

ಮುಂದೆ ಕಾನೂನು ಮಕ್ಕಳ ಸಂಖ್ಯೆಗಿಂತ ಶಿಕ್ಷಣಕ್ಕೆ ಮಾಡಿದ ವೆಚ್ಚಕ್ಕೆ ಮಹತ್ವ ನೀಡಿತು. ಇದರ ಮುಖ್ಯ ಹಂತಗಳು ಹೀಗಿವೆ:

- 1994: ಉನ್ನತ ಶಿಕ್ಷಣಕ್ಕಾಗಿ ಪಡೆದ ಸಾಲದ ಮರುಪಾವತಿಗೆ ಕಡಿತ ನೀಡುವ 80ಇ ಕಲಮಿನ ಸೇರ್ಪಡೆ.
- 2003: ಮಕ್ಕಳ ಬೋಧನಾ ಶುಲ್ಕಕ್ಕೆ ಅಂದಿನ 88ನೆಯ ಕಲಮಿನಡಿ ರಿಯಾಯಿತಿ.
- 2005: 88ನೆಯ ಕಲಮಿನ ಸ್ಥಾನದಲ್ಲಿ 1 ಲಕ್ಷ ರೂಪಾಯಿ ಮಿತಿಯ 80ಸಿ ಕಲಮು. 80ಇ ಕಲಮಿನ ಕಡಿತವು ಬಡ್ಡಿಗೆ ಮಾತ್ರ ಸೀಮಿತಗೊಂಡು, ಅದರ ಮೊತ್ತದ ಮಿತಿ ತೆಗೆದುಹಾಕಲ್ಪಟ್ಟಿತು.
- 2007: ತನ್ನ ಶಿಕ್ಷಣಕ್ಕಷ್ಟೇ ಅಲ್ಲದೆ ಪತಿ ಅಥವಾ ಪತ್ನಿ ಹಾಗೂ ಮಕ್ಕಳ ಶಿಕ್ಷಣಕ್ಕೆ ಪಡೆದ ಸಾಲಕ್ಕೂ 80ಇ ವಿಸ್ತರಣೆ.
- 2009: ಪಿಯುಸಿ ನಂತರದ ಎಲ್ಲ ವಿಷಯಗಳ ವ್ಯಾಸಂಗಕ್ಕೆ, ಮತ್ತು ತೆರಿಗೆದಾರರು ಕಾನೂನುಬದ್ಧ ಪೋಷಕರಾಗಿರುವ ವಿದ್ಯಾರ್ಥಿಗಳಿಗೆ ವಿಸ್ತರಣೆ.
- 2014: 80ಸಿ ಮಿತಿ 1.5 ಲಕ್ಷ ರೂಪಾಯಿಗೆ ಏರಿಕೆ.
- 2020: ಬಹುತೇಕ ಕಡಿತಗಳಿಲ್ಲದ, ಕಡಿಮೆ ದರದ ಹೊಸ ತೆರಿಗೆ ಪದ್ಧತಿಯ ಆರಂಭ. 2023-24ರಿಂದ ಇದೇ ಮೂಲ ಪದ್ಧತಿಯಾಯಿತು.

ಬೋಧನಾ ಶುಲ್ಕದ ಕಡಿತ

80ಸಿ ಕಲಮಿನ ಪ್ರಕಾರ, ತೆರಿಗೆದಾರರು ತಮ್ಮ ಮಕ್ಕಳ ಪೂರ್ಣಾವಧಿ ಶಿಕ್ಷಣಕ್ಕಾಗಿ ಭಾರತದಲ್ಲಿರುವ ಶಾಲೆ, ಕಾಲೇಜು, ವಿಶ್ವವಿದ್ಯಾಲಯ ಅಥವಾ ಇತರ ಶಿಕ್ಷಣ ಸಂಸ್ಥೆಗೆ ಪಾವತಿಸಿದ ಬೋಧನಾ ಶುಲ್ಕವನ್ನು ಒಟ್ಟು ಆದಾಯದಿಂದ ಕಳೆಯಬಹುದು. ಜೀವವಿಮೆ ಕಂತು, ಭವಿಷ್ಯನಿಧಿ, ಗೃಹಸಾಲದ ಅಸಲು ಇತ್ಯಾದಿಗಳೆಲ್ಲವೂ ಇದೇ ಕಲಮಿನಲ್ಲಿದ್ದು, ಎಲ್ಲವೂ ಸೇರಿ ವರ್ಷಕ್ಕೆ 1.5 ಲಕ್ಷ ರೂಪಾಯಿ ಗರಿಷ್ಠ ಮಿತಿಯಾಗಿದೆ. ಭವಿಷ್ಯನಿಧಿ ಮತ್ತು ವಿಮೆಯಿಂದಲೇ ಈ ಮಿತಿ ತುಂಬಿದ್ದರೆ ಶುಲ್ಕದ ರಸೀದಿಯಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ.

ಈ ಕಡಿತದ ಷರತ್ತುಗಳು ಇಂತಿವೆ:

- ಒಬ್ಬ ತೆರಿಗೆದಾರರಿಗೆ ಇಬ್ಬರು ಮಕ್ಕಳ ಶುಲ್ಕಕ್ಕೆ ಮಾತ್ರ ಅವಕಾಶ. ತಂದೆ ಮತ್ತು ತಾಯಿ ಇಬ್ಬರೂ ತೆರಿಗೆದಾರರಾಗಿದ್ದಲ್ಲಿ ಪ್ರತಿಯೊಬ್ಬರಿಗೂ ಇಬ್ಬರು ಮಕ್ಕಳ ಮಿತಿ ಪ್ರತ್ಯೇಕವಾಗಿದೆ. ನಾಲ್ವರು ಮಕ್ಕಳಿದ್ದರೆ ಇಬ್ಬರ ಶುಲ್ಕವನ್ನು ತಂದೆಯೂ ಇನ್ನಿಬ್ಬರ ಶುಲ್ಕವನ್ನು ತಾಯಿಯೂ ಪಾವತಿಸಿ ಪಡೆಯಬಹುದು.
- ಮಗುವಿನ ವಯಸ್ಸಿಗೆ ಮಿತಿಯಿಲ್ಲ. ಮಲಮಕ್ಕಳು ಮತ್ತು ದತ್ತು ಮಕ್ಕಳೂ 'ಮಗು' ಎಂಬ ವ್ಯಾಖ್ಯೆಯಲ್ಲಿ ಸೇರುತ್ತಾರೆ.
- ಅಭಿವೃದ್ಧಿ ಶುಲ್ಕ, ದೇಣಿಗೆ ಮತ್ತು ಅದೇ ಸ್ವರೂಪದ ಪಾವತಿಗಳು ಸೇರುವುದಿಲ್ಲ. ವಸತಿನಿಲಯ, ಊಟ, ಬಸ್ಸು, ಸಮವಸ್ತ್ರ, ಪುಸ್ತಕ, ಲ್ಯಾಪ್‌ಟಾಪ್ ಇವುಗಳ ವೆಚ್ಚ ಬೋಧನಾ ಶುಲ್ಕವಲ್ಲ.
- ಅರೆಕಾಲಿಕ ವ್ಯಾಸಂಗ, ಅಂಚೆ ಮೂಲಕ ಶಿಕ್ಷಣ ಹಾಗೂ ಖಾಸಗಿ ಕೋಚಿಂಗ್ ತರಗತಿಗಳ ಶುಲ್ಕಕ್ಕೆ ಇದು ಅನ್ವಯಿಸುವುದಿಲ್ಲ. ನೀಟ್ ಅಥವಾ ಸಿಇಟಿ ತರಬೇತಿಗೆ ಕೊಟ್ಟ ಹಣವೂ ಈ ಗುಂಪಿಗೆ ಸೇರುತ್ತದೆ.
- ವಿದೇಶದ ವಿಶ್ವವಿದ್ಯಾಲಯಕ್ಕೆ ಕಟ್ಟಿದ ಶುಲ್ಕಕ್ಕೆ ಕಡಿತವಿಲ್ಲ. ಆದರೆ ವಿದೇಶದಲ್ಲಿ ನೆಲೆಸಿ ಭಾರತದಲ್ಲಿ ತೆರಿಗೆಗೆ ಒಳಪಡುವ ಆದಾಯ ಹೊಂದಿರುವವರು, ಇಲ್ಲಿಯ ಕಾಲೇಜಿನಲ್ಲಿ ಓದುವ ಮಕ್ಕಳ ಶುಲ್ಕಕ್ಕೆ ಕಡಿತ ಪಡೆಯಬಹುದು.
- ಶುಲ್ಕವನ್ನು ಯಾವ ವರ್ಷ ಪಾವತಿಸಲಾಯಿತೋ ಆ ಹಣಕಾಸು ವರ್ಷದಲ್ಲಿಯೇ ಕಡಿತ ದೊರೆಯುತ್ತದೆ. ಅದು ಯಾವ ಶೈಕ್ಷಣಿಕ ವರ್ಷದ ಶುಲ್ಕ ಎಂಬುದು ಮುಖ್ಯವಲ್ಲ.

ಕರ್ನಾಟಕದಲ್ಲಿ ಪ್ರವೇಶಕ್ಕಾಗಿ ಕ್ಯಾಪಿಟೇಶನ್ ಶುಲ್ಕ ಪಡೆಯುವುದನ್ನು 1984ರ ಕಾಯ್ದೆಯೇ ನಿಷೇಧಿಸಿದೆ. ಅದನ್ನು ಬೇರೆ ಹೆಸರಿನಲ್ಲಿ ಕೊಟ್ಟಿದ್ದರೂ ಅದು ಬೋಧನಾ ಶುಲ್ಕವೆನಿಸುವುದಿಲ್ಲ. ಆದ್ದರಿಂದ ರಸೀದಿಯಲ್ಲಿ ಬೋಧನಾ ಶುಲ್ಕದ ಮೊತ್ತವನ್ನು ಪ್ರತ್ಯೇಕವಾಗಿ ನಮೂದಿಸಿರುವುದು ಅವಶ್ಯ. ಎಲ್ಲ ಬಾಬುಗಳನ್ನು ಒಂದೇ ಮೊತ್ತವಾಗಿ ತೋರಿಸಿದ ರಸೀದಿಯಿದ್ದರೆ ಕಾಲೇಜಿನ ಕಚೇರಿಯಿಂದ ಶುಲ್ಕದ ವಿಂಗಡಣೆಯ ಪತ್ರವನ್ನು ಪಡೆದಿಟ್ಟುಕೊಳ್ಳುವುದು ವಾಡಿಕೆ.

ಅವಿಭಕ್ತ ಕುಟುಂಬಗಳ ಪ್ರಶ್ನೆ

ಉತ್ತರ ಕರ್ನಾಟಕದ ಒಕ್ಕಲುತನದ ಮನೆಗಳಲ್ಲಿ ಅಣ್ಣನ ದುಡಿಮೆಯಿಂದ ತಮ್ಮನ ಓದು ನಡೆಯುವುದು, ಕಾಕಾ ಅಥವಾ ಸೋದರಮಾವ ಶುಲ್ಕ ಕಟ್ಟುವುದು ಸಾಮಾನ್ಯ. ತೆರಿಗೆ ಕಾನೂನು ಈ ಸಂಬಂಧಗಳನ್ನು ಪರಿಗಣಿಸುವುದಿಲ್ಲ. 80ಸಿ ಅಡಿಯಲ್ಲಿ ಶುಲ್ಕದ ಕಡಿತವು ಸ್ವಂತ ಮಕ್ಕಳಿಗೆ ಮಾತ್ರ. ತಮ್ಮ, ತಂಗಿ, ಅಣ್ಣನ ಮಗ, ಅಕ್ಕನ ಮಗಳು ಅಥವಾ ಪತ್ನಿಯ ವ್ಯಾಸಂಗಕ್ಕೆ ಕಟ್ಟಿದ ಶುಲ್ಕಕ್ಕೆ ಕಡಿತವಿಲ್ಲ. ಅಜ್ಜ ಮೊಮ್ಮಗಳ ಶುಲ್ಕ ಕಟ್ಟಿದರೆ ಅಜ್ಜನಿಗೂ ಇಲ್ಲ, ಹಣ ಕೊಡದ ತಂದೆಗೂ ಇಲ್ಲ. ಹಿಂದೂ ಅವಿಭಕ್ತ ಕುಟುಂಬವು ಆದಾಯ ತೆರಿಗೆಯಲ್ಲಿ ಪ್ರತ್ಯೇಕ ಘಟಕವಾಗಿದ್ದರೂ ಬೋಧನಾ ಶುಲ್ಕದ ಕಡಿತವನ್ನು ಪಡೆಯಲಾರದು.

ಇಂತಹ ಸಂದರ್ಭದಲ್ಲಿ ಹಣ ನೀಡುವ ಬಂಧು ಅದನ್ನು ವಿದ್ಯಾರ್ಥಿಯ ತಂದೆಗೆ ಉಡುಗೊರೆಯಾಗಿ ನೀಡಿ, ತಂದೆಯು ತನ್ನ ಖಾತೆಯಿಂದ ಶುಲ್ಕ ಪಾವತಿಸಿದರೆ ಕಡಿತ ತಂದೆಗೆ ದೊರೆಯುತ್ತದೆ. ಕಾನೂನಿನಲ್ಲಿ ಹೆಸರಿಸಿದ ಹತ್ತಿರದ ಸಂಬಂಧಿಗಳಿಂದ ಬಂದ ಉಡುಗೊರೆಗೆ ಪಡೆದವರ ಕೈಯಲ್ಲಿ ತೆರಿಗೆಯಿಲ್ಲ. ಒಡಹುಟ್ಟಿದವರು ಮತ್ತು ತಂದೆ-ತಾಯಿ ಈ ಪಟ್ಟಿಯಲ್ಲಿದ್ದಾರೆ.

ಶಿಕ್ಷಣ ಸಾಲದ ಬಡ್ಡಿ

80ಇ ಕಲಮಿನಡಿ ಉನ್ನತ ಶಿಕ್ಷಣಕ್ಕಾಗಿ ಪಡೆದ ಸಾಲದ ಬಡ್ಡಿಯನ್ನು ಪೂರ್ಣವಾಗಿ ಕಳೆಯಬಹುದು. ಇದಕ್ಕೆ ಗರಿಷ್ಠ ಮೊತ್ತವಿಲ್ಲ, 80ಸಿಯ 1.5 ಲಕ್ಷ ರೂಪಾಯಿ ಮಿತಿಯೊಳಗೂ ಇದು ಬರುವುದಿಲ್ಲ. ಅಸಲಿನ ಮರುಪಾವತಿಗೆ ಕಡಿತವಿಲ್ಲ.

ದ್ವಿತೀಯ ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆಯ ನಂತರದ ಯಾವುದೇ ವ್ಯಾಸಂಗವು ಇದರಲ್ಲಿ ಸೇರುತ್ತದೆ. ವಿದೇಶದಲ್ಲಿನ ವ್ಯಾಸಂಗಕ್ಕೂ ಇದು ಅನ್ವಯಿಸುತ್ತದೆ. ಸಾಲವು ತೆರಿಗೆದಾರರ ಹೆಸರಿನಲ್ಲಿರಬೇಕು ಹಾಗೂ ಬಡ್ಡಿಯನ್ನು ಅವರೇ ತಮ್ಮ ತೆರಿಗೆಗೊಳಪಡುವ ಆದಾಯದಿಂದ ಪಾವತಿಸಿರಬೇಕು. ಸಾಲವು ವಿದ್ಯಾರ್ಥಿಯ ಹೆಸರಿನಲ್ಲಿ ಮಾತ್ರ ಇದ್ದು ತಂದೆ ಕಂತು ಕಟ್ಟುತ್ತಿದ್ದರೆ ತಂದೆಗೆ ಕಡಿತ ದೊರೆಯುವುದಿಲ್ಲ. ಸಾಲ ಪಡೆಯುವಾಗಲೇ ಪಾಲಕರು ಸಹ-ಸಾಲಗಾರರಾಗಿರುವುದಕ್ಕೆ ಈ ಕಾರಣದಿಂದ ಮಹತ್ವವಿದೆ.

ಸಾಲ ನೀಡಿದವರು ಯಾರು ಎಂಬುದೂ ಅಷ್ಟೇ ಮುಖ್ಯ. ಬ್ಯಾಂಕಿಂಗ್ ಕಂಪನಿ, ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆ ಅಥವಾ ಅನುಮೋದಿತ ಧರ್ಮಾರ್ಥ ಸಂಸ್ಥೆಯಿಂದ ಪಡೆದ ಸಾಲಕ್ಕೆ ಮಾತ್ರ ಕಡಿತವಿದೆ. ಬಂಧುಗಳು, ಮಾಲೀಕರು, ಲೇವಾದೇವಿಗಾರರು ನೀಡಿದ ಸಾಲ ಇದಕ್ಕೆ ಅರ್ಹವಲ್ಲ. ಊರಿನ ಪತ್ತಿನ ಸಹಕಾರ ಸಂಘಗಳು ಬ್ಯಾಂಕಿಂಗ್ ಕಂಪನಿಗಳಲ್ಲವಾದ್ದರಿಂದ, ಅಲ್ಲಿ ಬಂಗಾರ ಒತ್ತೆಯಿಟ್ಟು ಅಥವಾ ವೈಯಕ್ತಿಕ ಸಾಲ ಪಡೆದು ಶುಲ್ಕ ಕಟ್ಟಿದರೆ ಆ ಬಡ್ಡಿಗೆ ಕಡಿತ ಸಿಗುವುದಿಲ್ಲ. ಬ್ಯಾಂಕಿನಿಂದಲೇ ಪಡೆದಿದ್ದರೂ ಅದು ಬೆಳೆಸಾಲ ಅಥವಾ ಬಂಗಾರದ ಸಾಲವೆಂದು ದಾಖಲಾಗಿದ್ದಲ್ಲಿ, ಶಿಕ್ಷಣದ ಉದ್ದೇಶಕ್ಕಾಗಿಯೇ ಪಡೆದದ್ದೆಂದು ತೋರಿಸುವುದು ಕಷ್ಟ.

ಕಡಿತದ ಅವಧಿ ಎಂಟು ವರ್ಷಗಳು. ಬಡ್ಡಿ ಪಾವತಿ ಆರಂಭವಾದ ವರ್ಷ ಮತ್ತು ಅದರ ನಂತರದ ಏಳು ವರ್ಷಗಳು, ಅಥವಾ ಬಡ್ಡಿ ಪೂರ್ಣವಾಗಿ ತೀರುವವರೆಗೆ, ಯಾವುದು ಮೊದಲೋ ಅದು. 2022ರಲ್ಲಿ ಎಂಜಿನಿಯರಿಂಗ್ ಸೇರಿದ ಮಗಳಿಗಾಗಿ ಸಾಲ ಪಡೆದ ತಂದೆ 2022-23ರಿಂದಲೇ ಬಡ್ಡಿ ಕಟ್ಟತೊಡಗಿದರೆ ಅವರ ಅವಧಿ 2029-30ಕ್ಕೆ ಮುಗಿಯುತ್ತದೆ. ವ್ಯಾಸಂಗ ಮುಗಿದ ಬಳಿಕ 2027-28ರಿಂದ ಕಟ್ಟಲು ಆರಂಭಿಸಿದರೆ 2034-35ರವರೆಗೆ ಅವಕಾಶವಿರುತ್ತದೆ. ಆದರೆ ತಡವಾಗಿ ಕಟ್ಟಿದಷ್ಟು ಬಡ್ಡಿ ಬೆಳೆಯುವುದರಿಂದ, ತೆರಿಗೆಯ ಉಳಿತಾಯಕ್ಕಾಗಿ ಪಾವತಿಯನ್ನು ಮುಂದೂಡುವುದು ಲಾಭಕರವಾಗಿರಬೇಕೆಂದಿಲ್ಲ.

ಸರ್ಕಾರವೇ ಬಡ್ಡಿ ಭರಿಸುವ ಯೋಜನೆಗಳೂ ಇವೆ. ಪಾಲಕರ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ, ತಾಂತ್ರಿಕ ಮತ್ತು ವೃತ್ತಿಪರ ವ್ಯಾಸಂಗದ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರವು ಮರುಪಾವತಿ ವಿರಾಮದ ಅವಧಿಯ ಬಡ್ಡಿಯನ್ನು ಭರಿಸುತ್ತದೆ. 2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು, ಆಯ್ದ ಗುಣಮಟ್ಟದ ಸಂಸ್ಥೆಗಳಲ್ಲಿ ಪ್ರವೇಶ ಪಡೆದ, ಕುಟುಂಬದ ಆದಾಯ 8 ಲಕ್ಷ ರೂಪಾಯಿವರೆಗಿನ ವಿದ್ಯಾರ್ಥಿಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ಸಹಾಯಧನ ನೀಡುತ್ತದೆ. ಸರ್ಕಾರ ಭರಿಸಿದ ಬಡ್ಡಿಯನ್ನು ತೆರಿಗೆದಾರರು ತಮ್ಮ ಕಡಿತವಾಗಿ ತೋರಿಸುವಂತಿಲ್ಲ.

ಇತರ ಸೌಲಭ್ಯಗಳು

ಶಿಕ್ಷಣ ಭತ್ಯೆ: ನೌಕರರಿಗೆ ಮಾಲೀಕರು ಮಕ್ಕಳ ಶಿಕ್ಷಣ ಭತ್ಯೆ ನೀಡುತ್ತಿದ್ದಲ್ಲಿ, 1961ರ ಕಾಯ್ದೆಯ ನಿಯಮಗಳಂತೆ ಪ್ರತಿ ಮಗುವಿಗೆ ತಿಂಗಳಿಗೆ 100 ರೂಪಾಯಿ ಹಾಗೂ ವಸತಿನಿಲಯ ಭತ್ಯೆಯಲ್ಲಿ ತಿಂಗಳಿಗೆ 300 ರೂಪಾಯಿ ತೆರಿಗೆಮುಕ್ತ. ಎರಡೂ ಗರಿಷ್ಠ ಇಬ್ಬರು ಮಕ್ಕಳಿಗೆ ಸೀಮಿತ. ಹೀಗೆ ಇಬ್ಬರು ಮಕ್ಕಳಿಗೆ ವರ್ಷಕ್ಕೆ 2,400 ಮತ್ತು 7,200 ರೂಪಾಯಿಗಳಷ್ಟೇ ವಿನಾಯಿತಿ ದೊರೆಯುತ್ತದೆ.

ವಿದ್ಯಾರ್ಥಿವೇತನ: ಶಿಕ್ಷಣದ ವೆಚ್ಚಕ್ಕಾಗಿ ನೀಡಿದ ವಿದ್ಯಾರ್ಥಿವೇತನವು 10(16)ನೆಯ ಕಲಮಿನಡಿ ಪೂರ್ಣವಾಗಿ ತೆರಿಗೆಮುಕ್ತವಾಗಿದೆ. ಕರ್ನಾಟಕ ಸರ್ಕಾರವು 2021ರಲ್ಲಿ ಘೋಷಿಸಿದ ರೈತ ವಿದ್ಯಾನಿಧಿ ಯೋಜನೆಯಡಿ ರೈತರ ಮಕ್ಕಳಿಗೆ ನೀಡುವ ನೆರವು ಇಂತಹದ್ದು. ಯೋಜನೆ ಪ್ರಕಟವಾದಾಗ ಪಿಯುಸಿ, ಐಟಿಐ ಹಾಗೂ ಡಿಪ್ಲೊಮಾ ವ್ಯಾಸಂಗಕ್ಕೆ ವಿದ್ಯಾರ್ಥಿಗಳಿಗೆ 2,500 ಮತ್ತು ವಿದ್ಯಾರ್ಥಿನಿಯರಿಗೆ 3,000 ರೂಪಾಯಿ, ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಂತಾದ ಪದವಿಗಳಿಗೆ 5,000 ಮತ್ತು 5,500. ಕಾನೂನು, ನರ್ಸಿಂಗ್ ಮೊದಲಾದವುಗಳಿಗೆ 7,500 ಮತ್ತು 8,000. ವೈದ್ಯಕೀಯ, ಎಂಜಿನಿಯರಿಂಗ್ ಹಾಗೂ ಸ್ನಾತಕೋತ್ತರ ವ್ಯಾಸಂಗಕ್ಕೆ 10,000 ಮತ್ತು 11,000 ರೂಪಾಯಿಗಳನ್ನು ನಿಗದಿಪಡಿಸಲಾಗಿತ್ತು. ಮುಂದೆ ನೇಕಾರರು ಸೇರಿದಂತೆ ಇತರ ದುಡಿಯುವ ವರ್ಗಗಳ ಮಕ್ಕಳಿಗೂ ಇದನ್ನು ವಿಸ್ತರಿಸಲಾಯಿತು. ಸರ್ಕಾರ ಮನ್ನಾ ಮಾಡಿದ ಅಥವಾ ಮರುಪಾವತಿಸಿದ ಶುಲ್ಕಕ್ಕೆ ಪಾಲಕರು 80ಸಿ ಕಡಿತ ಕೇಳಲಾಗದು.

ಆರೋಗ್ಯ ವಿಮೆ: 80ಡಿ ಕಲಮಿನಲ್ಲಿ 'ಅವಲಂಬಿತ ಮಕ್ಕಳು' ಎಂಬ ಪದ ನೇರವಾಗಿ ಬಳಕೆಯಾಗಿದೆ. ತನಗೆ, ಪತಿ ಅಥವಾ ಪತ್ನಿಗೆ ಹಾಗೂ ಅವಲಂಬಿತ ಮಕ್ಕಳಿಗೆ ಮಾಡಿಸಿದ ಆರೋಗ್ಯ ವಿಮೆಯ ಕಂತಿಗೆ 25,000 ರೂಪಾಯಿವರೆಗೆ ಕಡಿತವಿದೆ. ಕಾಲೇಜಿನಲ್ಲಿ ಓದುತ್ತಿದ್ದು ಸ್ವಂತ ದುಡಿಮೆಯಿಲ್ಲದ ಮಗ ಅಥವಾ ಮಗಳು ಇದರಲ್ಲಿ ಸೇರುತ್ತಾರೆ.

ಅಂಗವಿಕಲ ಅವಲಂಬಿತರು: 80ಡಿಡಿ ಕಲಮು ಅಂಗವೈಕಲ್ಯವುಳ್ಳ ಅವಲಂಬಿತರ ಪೋಷಣೆ ಹಾಗೂ ಚಿಕಿತ್ಸೆಗೆ 75,000 ರೂಪಾಯಿ, ತೀವ್ರ ಅಂಗವೈಕಲ್ಯವಿದ್ದಲ್ಲಿ 1,25,000 ರೂಪಾಯಿಗಳ ನಿಗದಿತ ಕಡಿತ ನೀಡುತ್ತದೆ. ಇಲ್ಲಿ ಮಕ್ಕಳಲ್ಲದೆ ಪತಿ ಅಥವಾ ಪತ್ನಿ, ತಂದೆ-ತಾಯಿ, ಒಡಹುಟ್ಟಿದವರೂ ಅವಲಂಬಿತರೆನಿಸುತ್ತಾರೆ. ಭಾರತದ ಕಾನೂನಿನಲ್ಲಿ ಅಮೆರಿಕದ ಅವಲಂಬಿತ ಪರಿಕಲ್ಪನೆಗೆ ಇಂದು ಹತ್ತಿರವಿರುವುದು ಈ ಕಲಮು.

ವಿದ್ಯಾರ್ಥಿಯ ಸ್ವಂತ ಆದಾಯ

18 ವರ್ಷ ತುಂಬದ ಮಗುವಿನ ಬಡ್ಡಿ ಮುಂತಾದ ಆದಾಯವನ್ನು 64(1ಎ) ಕಲಮಿನಂತೆ ತಂದೆ-ತಾಯಿಗಳಲ್ಲಿ ಹೆಚ್ಚು ಆದಾಯವುಳ್ಳವರ ಆದಾಯಕ್ಕೆ ಸೇರಿಸಲಾಗುತ್ತದೆ. ಹಳೆಯ ಪದ್ಧತಿಯಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 1,500 ರೂಪಾಯಿವರೆಗೆ ವಿನಾಯಿತಿಯಿದೆ. ಮಗು ತನ್ನ ದೈಹಿಕ ದುಡಿಮೆಯಿಂದ ಅಥವಾ ಸ್ವಂತ ಪ್ರತಿಭೆ, ಕೌಶಲಗಳಿಂದ ಗಳಿಸಿದ ಹಣಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಪದವಿ ತರಗತಿಯ ವಿದ್ಯಾರ್ಥಿಗಳಲ್ಲಿ ಬಹುತೇಕರು 18 ವರ್ಷ ದಾಟಿದವರು. ಅವರು ಸ್ವತಂತ್ರ ತೆರಿಗೆದಾರರು. ಅವರ ಠೇವಣಿಯ ಬಡ್ಡಿ, ಇಂಟರ್ನ್‌ಶಿಪ್ ಸಂಭಾವನೆ, ಮನೆಪಾಠದ ಗಳಿಕೆ ಅವರದೇ ಆದಾಯ. ಪಾಲಕರು ವಯಸ್ಕ ಮಕ್ಕಳಿಗೆ ಖರ್ಚಿಗಾಗಿ ಕಳುಹಿಸುವ ಹಣವು ವಿದ್ಯಾರ್ಥಿಗೆ ಆದಾಯವಲ್ಲ, ಪಾಲಕರಿಗೆ ಕಡಿತವೂ ಅಲ್ಲ. ವಿದ್ಯಾರ್ಥಿಯು ತನ್ನದೇ ತೆರಿಗೆ ವಿವರಣೆ ಸಲ್ಲಿಸಿದರೂ ಪಾಲಕರು ಬೋಧನಾ ಶುಲ್ಕದ ಕಡಿತ ಪಡೆಯಲು ಅಡ್ಡಿಯಿಲ್ಲ. ಈ ಅಂಶದಲ್ಲಿ ಭಾರತದ ವ್ಯವಸ್ಥೆ ಅಮೆರಿಕದ್ದಕ್ಕಿಂತ ಭಿನ್ನವಾಗಿದೆ.

ಹಳೆಯ ಮತ್ತು ಹೊಸ ತೆರಿಗೆ ಪದ್ಧತಿ

ಮೇಲೆ ವಿವರಿಸಿದ 80ಸಿ, 80ಡಿ, 80ಡಿಡಿ, 80ಇ ಕಡಿತಗಳು ಹಾಗೂ ಶಿಕ್ಷಣ ಭತ್ಯೆಯ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ ಲಭ್ಯ. 115ಬಿಎಸಿ ಕಲಮಿನ ಹೊಸ ಪದ್ಧತಿಯಲ್ಲಿ ಇವು ಯಾವುವೂ ಇಲ್ಲ. ವಿದ್ಯಾರ್ಥಿವೇತನದ ವಿನಾಯಿತಿ ಎರಡರಲ್ಲೂ ಉಳಿದಿದೆ. ಹೊಸ ಪದ್ಧತಿಯೇ ಮೂಲ ಪದ್ಧತಿಯಾಗಿರುವುದರಿಂದ, ಹಳೆಯದು ಬೇಕಾದವರು ನಿಗದಿತ ಗಡುವಿನೊಳಗೆ ವಿವರಣೆ ಸಲ್ಲಿಸಿ ಅದನ್ನು ಆಯ್ದುಕೊಳ್ಳಬೇಕು. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ ನೌಕರರು ಪ್ರತಿ ವರ್ಷ ಆಯ್ಕೆ ಬದಲಿಸಬಹುದು; ವ್ಯಾಪಾರದ ಆದಾಯವುಳ್ಳವರು ಹಳೆಯ ಪದ್ಧತಿಗೆ ಹೋದ ಬಳಿಕ ಹೊಸದಕ್ಕೆ ಮರಳಲು ಒಂದೇ ಅವಕಾಶವಿದೆ.

2025-26ರಲ್ಲಿ ಹೊಸ ಪದ್ಧತಿಯಲ್ಲಿ 4 ಲಕ್ಷ ರೂಪಾಯಿವರೆಗೆ ತೆರಿಗೆಯಿಲ್ಲ. ಒಟ್ಟು ಆದಾಯ 12 ಲಕ್ಷ ರೂಪಾಯಿ ಮೀರದಿದ್ದಲ್ಲಿ 60,000 ರೂಪಾಯಿವರೆಗಿನ ರಿಯಾಯಿತಿಯಿಂದ ತೆರಿಗೆ ಶೂನ್ಯವಾಗುತ್ತದೆ. ವೇತನದಾರರಿಗೆ 75,000 ರೂಪಾಯಿ ಪ್ರಮಾಣಿತ ಕಡಿತವೂ ಇರುವುದರಿಂದ 12.75 ಲಕ್ಷ ರೂಪಾಯಿವರೆಗಿನ ವೇತನಕ್ಕೆ ತೆರಿಗೆ ಬೀಳುವುದಿಲ್ಲ.

ಉದಾಹರಣೆ 1: ಜಮಖಂಡಿಯ ಶಿಕ್ಷಕಿಯೊಬ್ಬರ ವಾರ್ಷಿಕ ವೇತನ 9,00,000 ರೂಪಾಯಿ ಎಂದುಕೊಳ್ಳೋಣ. ಬೋಧನಾ ಶುಲ್ಕ ಮತ್ತು ಭವಿಷ್ಯನಿಧಿ ಸೇರಿ 1,50,000 ರೂಪಾಯಿ, ಶಿಕ್ಷಣ ಸಾಲದ ಬಡ್ಡಿ 60,000 ರೂಪಾಯಿ ಇದೆ. ಹಳೆಯ ಪದ್ಧತಿಯಲ್ಲಿ 50,000 ರೂಪಾಯಿ ಪ್ರಮಾಣಿತ ಕಡಿತವೂ ಸೇರಿ ಉಳಿಯುವ ಆದಾಯ 6,40,000. ತೆರಿಗೆ 40,500, ಶೇ. 4ರ ಸೆಸ್ ಸೇರಿ 42,120 ರೂಪಾಯಿ. ಹೊಸ ಪದ್ಧತಿಯಲ್ಲಿ ಆದಾಯ 8,25,000; ತೆರಿಗೆ ಶೂನ್ಯ. ಶುಲ್ಕದ ರಸೀದಿ, ಬಡ್ಡಿಯ ಪ್ರಮಾಣಪತ್ರಗಳೆಲ್ಲ ಸರಿಯಿದ್ದರೂ ಹಳೆಯ ಪದ್ಧತಿಯನ್ನು ಆಯ್ದುಕೊಂಡರೆ ಅವರಿಗೆ ನಷ್ಟವೇ.

ಉದಾಹರಣೆ 2: ವೇತನ 16,00,000 ರೂಪಾಯಿ ಇರುವವರಿಗೆ ಹೊಸ ಪದ್ಧತಿಯಲ್ಲಿ ತೆರಿಗೆ 1,08,750, ಸೆಸ್ ಸೇರಿ 1,13,100 ರೂಪಾಯಿ. ಹಳೆಯ ಪದ್ಧತಿಯಲ್ಲಿ 1,50,000 (80ಸಿ), 1,20,000 (80ಇ), 25,000 (80ಡಿ) ಹಾಗೂ ಪ್ರಮಾಣಿತ ಕಡಿತ ಕಳೆದರೆ ಆದಾಯ 12,55,000. ತೆರಿಗೆ 1,89,000, ಸೆಸ್ ಸೇರಿ 1,96,560 ರೂಪಾಯಿ. ಎರಡೂ ಸಮನಾಗಬೇಕಾದರೆ ಪ್ರಮಾಣಿತ ಕಡಿತವೂ ಸೇರಿ ಒಟ್ಟು 6,18,750 ರೂಪಾಯಿಗಳ ಕಡಿತ ಬೇಕು. ಮನೆ ಬಾಡಿಗೆ ಭತ್ಯೆ ಅಥವಾ ಗೃಹಸಾಲದ ಬಡ್ಡಿಯ ಜೊತೆಗೆ ದೊಡ್ಡ ಶಿಕ್ಷಣ ಸಾಲವೂ ಇದ್ದವರಿಗೆ ಮಾತ್ರ ಹಳೆಯ ಪದ್ಧತಿ ಅನುಕೂಲವಾಗುವ ಸಾಧ್ಯತೆಯಿದೆ.

ಬಾಗಲಕೋಟೆ ಜಿಲ್ಲೆಯ ಸಂದರ್ಭ

ಜಮಖಂಡಿ ಮತ್ತು ಮುಧೋಳ ಸ್ವಾತಂತ್ರ್ಯಪೂರ್ವದಲ್ಲಿ ಕ್ರಮವಾಗಿ ಪಟವರ್ಧನ ಹಾಗೂ ಘೋರ್ಪಡೆ ಮನೆತನಗಳ ಸಂಸ್ಥಾನಗಳಾಗಿದ್ದವು. 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆ ರಚನೆಯಾಯಿತು. ರಬಕವಿ-ಬನಹಟ್ಟಿ ನಂತರದಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಾವರಿಯ ಈ ಭಾಗದಲ್ಲಿ ಕಬ್ಬು ಪ್ರಧಾನ ಬೆಳೆ. ರಬಕವಿ ಮತ್ತು ಬನಹಟ್ಟಿ ಅವಳಿ ಪಟ್ಟಣಗಳು ನೇಕಾರಿಕೆಗೆ, ಸಮೀಪದ ಮಹಾಲಿಂಗಪುರ ಬೆಲ್ಲದ ಮಾರುಕಟ್ಟೆಗೆ ಹೆಸರಾಗಿವೆ. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಜಿಲ್ಲಾ ಕೇಂದ್ರದಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯ ಹಾಗೂ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಗಳಿವೆ. ಧಾರವಾಡ, ಬೆಳಗಾವಿ, ವಿಜಯಪುರ, ಬೆಂಗಳೂರುಗಳಿಗೆ ಓದಲು ಹೋಗುವವರೂ ಇದ್ದಾರೆ. ಮನೆಯಿಂದ ದೂರವಿರುವ ವಿದ್ಯಾರ್ಥಿಯ ಕೊಠಡಿ ಬಾಡಿಗೆ ಮತ್ತು ಊಟದ ವೆಚ್ಚಕ್ಕೆ ತೆರಿಗೆಯಲ್ಲಿ ಪ್ರತ್ಯೇಕ ಕಡಿತವಿಲ್ಲ.

ಕಬ್ಬು ಬೆಳೆಗಾರರು: ಕೃಷಿ ಆದಾಯವು 10(1) ಕಲಮಿನಂತೆ ಕೇಂದ್ರದ ಆದಾಯ ತೆರಿಗೆಯಿಂದ ಮುಕ್ತ. ಸಕ್ಕರೆ ಕಾರ್ಖಾನೆಗೆ ಕಬ್ಬು ಕಳುಹಿಸಿ ಪಡೆದ ಹಣ ಈ ವರ್ಗಕ್ಕೆ ಸೇರುತ್ತದೆ. ಬೇರೆ ಆದಾಯವಿಲ್ಲದ ರೈತರಿಗೆ ತೆರಿಗೆಯೇ ಇಲ್ಲವಾದ್ದರಿಂದ ಶುಲ್ಕದ ಕಡಿತದ ಪ್ರಶ್ನೆ ಉದ್ಭವಿಸುವುದಿಲ್ಲ; ಅವರಿಗೆ ನೆರವಾಗುವುದು ವಿದ್ಯಾರ್ಥಿವೇತನ ಮತ್ತು ಬಡ್ಡಿ ಸಹಾಯಧನಗಳೇ. ಆದರೆ ಗಾಣ ಹೂಡಿ ಬೆಲ್ಲ ತಯಾರಿಸಿ ಮಾರಿದಾಗ, ಕಬ್ಬಿಗೇ ಮಾರುಕಟ್ಟೆಯಿರುವ ಪ್ರದೇಶದಲ್ಲಿ ತಯಾರಿಕೆಯಿಂದ ಬಂದ ಹೆಚ್ಚುವರಿ ಲಾಭವನ್ನು ವ್ಯಾಪಾರದ ಆದಾಯವೆಂದು ಪರಿಗಣಿಸುವ ಸಾಧ್ಯತೆಯಿದೆ.

ಹೊಲವೂ ಇದ್ದು ನೌಕರಿಯೂ ಇರುವವರ ಲೆಕ್ಕ ಬೇರೆ. ನಿವ್ವಳ ಕೃಷಿ ಆದಾಯ 5,000 ರೂಪಾಯಿ ಮೀರಿದ್ದು, ಇತರ ಆದಾಯವು ತೆರಿಗೆರಹಿತ ಮಿತಿಯನ್ನು ದಾಟಿದ್ದರೆ, ದರ ನಿರ್ಧರಿಸಲು ಕೃಷಿ ಆದಾಯವನ್ನೂ ಗಣನೆಗೆ ತೆಗೆದುಕೊಳ್ಳಲಾಗುತ್ತದೆ. ಕೆ. ಎನ್. ರಾಜ್ ಸಮಿತಿಯ 1972ರ ವರದಿಯ ಬಳಿಕ, 1973ರಲ್ಲಿ ಈ ಕ್ರಮ ಜಾರಿಗೆ ಬಂದಿತು. ಕಬ್ಬಿನ ಹಣಕ್ಕೆ ತೆರಿಗೆ ಬೀಳದಿದ್ದರೂ ವೇತನದ ಮೇಲಿನ ದರ ಏರಬಹುದಾದ್ದರಿಂದ ವಿವರಣೆಯಲ್ಲಿ ಕೃಷಿ ಆದಾಯವನ್ನು ತೋರಿಸುವುದು ಕಡ್ಡಾಯ.

ನೇಕಾರರು: ಕೂಲಿ ನೇಕಾರರ ಗಳಿಕೆ ಸಾಮಾನ್ಯವಾಗಿ ತೆರಿಗೆಯ ಮಿತಿಗಿಂತ ಕೆಳಗಿರುತ್ತದೆ. ಸ್ವಂತ ವಿದ್ಯುತ್ ಮಗ್ಗಗಳನ್ನು ನಡೆಸುವವರ ಆದಾಯ ವ್ಯಾಪಾರದ್ದು. 44ಎಡಿ ಕಲಮಿನಡಿ 2 ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಶೇ. 8ರಷ್ಟನ್ನು, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ. 6ರಷ್ಟನ್ನು ಲಾಭವೆಂದು ಘೋಷಿಸಬಹುದು. ಮಕ್ಕಳ ಕಾಲೇಜು ಶುಲ್ಕವು ಮಗ್ಗದ ವ್ಯವಹಾರದ ಖರ್ಚಲ್ಲ. ಅದನ್ನು ವ್ಯಾಪಾರದ ಲೆಕ್ಕದಲ್ಲಿ ಬರೆಯುವಂತಿಲ್ಲ.

ಆದಾಯ ಪ್ರಮಾಣಪತ್ರ: ವಿದ್ಯಾರ್ಥಿವೇತನ ಹಾಗೂ ಬಡ್ಡಿ ಸಹಾಯಧನಕ್ಕೆ ಕಂದಾಯ ಇಲಾಖೆ ನೀಡುವ ಕುಟುಂಬದ ಆದಾಯ ಪ್ರಮಾಣಪತ್ರ ಬೇಕಾಗುತ್ತದೆ. ನಾಡಕಚೇರಿಯ ಮೂಲಕ ಪಡೆಯುವ ಈ ಪತ್ರವೂ ಆದಾಯ ತೆರಿಗೆಯ ವಿವರಣೆಯೂ ಬೇರೆ ಬೇರೆ ದಾಖಲೆಗಳು. ಇಲ್ಲಿ ಇಡೀ ಕುಟುಂಬವೇ ಘಟಕ. ತೆರಿಗೆಯಿಲ್ಲದ ಆದಾಯವೆಂದರೆ ಪ್ರಮಾಣಪತ್ರದಲ್ಲಿ ಸೇರದ ಆದಾಯವೆಂದು ಅರ್ಥವಲ್ಲ.

ಅಮೆರಿಕದ ಪದ್ಧತಿಯೊಂದಿಗೆ ಹೋಲಿಕೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಅಲ್ಲಿಯ ನಿಯಮಗಳು ಅನ್ವಯಿಸುತ್ತವೆ. ಮಗ ಅಥವಾ ಮಗಳು 19 ವರ್ಷದೊಳಗಿದ್ದರೆ, ಅಥವಾ ವರ್ಷದಲ್ಲಿ ಕನಿಷ್ಠ ಐದು ತಿಂಗಳು ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದು 24 ವರ್ಷದೊಳಗಿದ್ದರೆ ಪಾಲಕರು ಅವರನ್ನು ಅವಲಂಬಿತರೆಂದು ತೋರಿಸಬಹುದು. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಪಾಲಕರೊಂದಿಗೆ ವಾಸವಿರಬೇಕು. ಕಾಲೇಜಿನ ವಸತಿನಿಲಯದಲ್ಲಿರುವುದನ್ನು ತಾತ್ಕಾಲಿಕ ಗೈರುಹಾಜರಿ ಎಂದೇ ಪರಿಗಣಿಸಲಾಗುತ್ತದೆ. ವಿದ್ಯಾರ್ಥಿಯು ತನ್ನ ಜೀವನವೆಚ್ಚದ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸುತ್ತಿರಬಾರದು. ವಿದ್ಯಾರ್ಥಿವೇತನವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ.

2017ರಲ್ಲಿ ಪ್ರತಿ ಅವಲಂಬಿತರಿಗೆ 4,050 ಡಾಲರ್ ವಿನಾಯಿತಿ ಇತ್ತು. ಅದೇ ವರ್ಷದ ತೆರಿಗೆ ಸುಧಾರಣಾ ಕಾನೂನು 2018ರಿಂದ ಅದನ್ನು ಶೂನ್ಯಗೊಳಿಸಿತು. ಈಗ 17 ವರ್ಷ ದಾಟಿದ ಅವಲಂಬಿತರಿಗೆ 500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿಯಿದೆ. ಇದಲ್ಲದೆ, ಪದವಿಯ ಮೊದಲ ನಾಲ್ಕು ವರ್ಷಗಳಿಗೆ ವರ್ಷಕ್ಕೆ 2,500 ಡಾಲರ್‌ವರೆಗಿನ ಅಮೆರಿಕನ್ ಅಪಾರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ ಲಭ್ಯವಿದ್ದು, ವಿದ್ಯಾರ್ಥಿಯನ್ನು ಅವಲಂಬಿತರೆಂದು ತೋರಿಸಿದ ಪಾಲಕರೇ ಅದನ್ನು ಪಡೆಯುತ್ತಾರೆ. ಪಾಲಕರು ಹಾಗೆ ತೋರಿಸುವುದಾದಲ್ಲಿ ವಿದ್ಯಾರ್ಥಿಯು ತನ್ನ ವಿವರಣೆಯಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಅವಲಂಬಿತರು ಅಮೆರಿಕದ ಪೌರರು ಅಥವಾ ನಿವಾಸಿಗಳಾಗಿರಬೇಕು, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೊ ನಿವಾಸಿಗಳಾಗಿರಬೇಕು. ಹೀಗಾಗಿ ಊರಿನಲ್ಲೇ ಉಳಿದು ಇಲ್ಲಿಯ ಕಾಲೇಜಿನಲ್ಲಿ ಓದುವ ಭಾರತೀಯ ಪೌರರಾದ ಮಕ್ಕಳನ್ನು ಅಲ್ಲಿ ಅವಲಂಬಿತರೆಂದು ತೋರಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ.

ದಾಖಲೆಗಳು ಮತ್ತು ತಪ್ಪು ಹಕ್ಕೊತ್ತಾಯ

ಶುಲ್ಕದ ರಸೀದಿ, ಪಾವತಿ ನಡೆದ ಬ್ಯಾಂಕ್ ಖಾತೆಯ ವಿವರ, ಅಸಲು ಮತ್ತು ಬಡ್ಡಿಯನ್ನು ಬೇರ್ಪಡಿಸಿ ಬ್ಯಾಂಕ್ ನೀಡಿದ ಪ್ರಮಾಣಪತ್ರ, ಸಾಲದ ಮಂಜೂರಾತಿ ಪತ್ರ ಇವು ಮುಖ್ಯ ದಾಖಲೆಗಳು. ಇವುಗಳನ್ನು ವಿವರಣೆಯೊಂದಿಗೆ ಲಗತ್ತಿಸಬೇಕಿಲ್ಲ. ಇಲಾಖೆ ಕೇಳಿದಾಗ ಹಾಜರುಪಡಿಸಬೇಕು. ಮಾಲೀಕರಿಗೆ ದಾಖಲೆ ನೀಡಲು ತಡವಾಗಿ ಫಾರ್ಮ್ 16ರಲ್ಲಿ ಕಡಿತ ಸೇರದಿದ್ದರೂ, ಹಳೆಯ ಪದ್ಧತಿಯಡಿ ವಿವರಣೆ ಸಲ್ಲಿಸುವಾಗ ಅದನ್ನು ಪಡೆಯಬಹುದು. ಪಾವತಿಸದ ಶುಲ್ಕ ಅಥವಾ ಇಲ್ಲದ ಸಾಲವನ್ನು ತೋರಿಸಿ ಮರುಪಾವತಿ ಪಡೆದಲ್ಲಿ, 270ಎ ಕಲಮಿನಂತೆ ತಪ್ಪು ವರದಿಗಾಗಿ ತೆರಿಗೆಯ ಶೇ. 200ರಷ್ಟು ದಂಡ ವಿಧಿಸಬಹುದು. ವಿವರಣೆಯನ್ನು ಬೇರೆಯವರಿಂದ ತುಂಬಿಸಿದ್ದರೂ ಹೊಣೆ ತೆರಿಗೆದಾರರದ್ದೇ.

ಹೊಸ ಕಾಯ್ದೆ

ಆದಾಯ ತೆರಿಗೆ ಕಾಯ್ದೆ, 2025ಕ್ಕೆ 2025ರ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2026ರ ಏಪ್ರಿಲ್ 1ರಿಂದ ಇದು 1961ರ ಕಾಯ್ದೆಯ ಸ್ಥಾನವನ್ನು ಪಡೆಯುತ್ತದೆ. 'ಹಿಂದಿನ ವರ್ಷ' ಮತ್ತು 'ಕರ ನಿರ್ಧರಣಾ ವರ್ಷ' ಎಂಬ ಎರಡು ಪದಗಳ ಬದಲು 'ತೆರಿಗೆ ವರ್ಷ' ಎಂಬ ಒಂದೇ ಪದ ಬಳಕೆಗೆ ಬಂದಿದ್ದು, ಕಲಮುಗಳ ಸಂಖ್ಯೆಗಳೂ ಬದಲಾಗಿವೆ. ಉದಾಹರಣೆಗೆ 80ಸಿ ಕಲಮಿನ ವಿಷಯವು ಹೊಸ ಕಾಯ್ದೆಯ 123ನೆಯ ಕಲಮಿನಲ್ಲಿದೆ. 2025-26ರ ಆದಾಯಕ್ಕೆ ಹಳೆಯ ಕಾಯ್ದೆಯ ನಿಯಮಗಳೇ ಅನ್ವಯವಾಗುತ್ತವೆ.

ಇವನ್ನೂ ನೋಡಿ

- ಭಾರತದಲ್ಲಿ ಆದಾಯ ತೆರಿಗೆ
- ಹಿಂದೂ ಅವಿಭಕ್ತ ಕುಟುಂಬ
- ಶಿಕ್ಷಣ ಸಾಲ
- ರೈತ ವಿದ್ಯಾನಿಧಿ
- ಬಾಗಲಕೋಟೆ ಜಿಲ್ಲೆ